ದೂರದ ವಿದೇಶಿ ವಿಮಾನಗಳ ವಿಳಂಬ ಕುರಿತ ನಿಯಮಗಳ ತಿದ್ದುಪಡಿಗಾಗಿ ಮನವಿ ಪತ್ರ

ಇವರಿಗೆ,
ಮಹಾನಿರ್ದೇಶಕರು,
ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ,
ನವದೆಹಲಿ

ಮಾನ್ಯರೇ,

ವಿಷಯ: ವಿದೇಶಿ ವಿಮಾನಗಳು ತಡವಾದಾಗ ಪ್ರಯಾಣಿಕರಿಗೆ ಸಲ್ಲಬೇಕಾದ ಊಟ, ವಸತಿ, ಮಾಹಿತಿ ಮತ್ತು ಪರಿಹಾರದ ಬಗ್ಗೆ.

ನಾನು ಹಾಸನದ ನಿವೃತ್ತ ಶಾಲಾ ಶಿಕ್ಷಕಿ. ಕಳೆದ ಚಳಿಗಾಲದಲ್ಲಿ ಮಗಳ ಬಾಣಂತನಕ್ಕೆಂದು ಯಜಮಾನರ ಜೊತೆ ಬೆಂಗಳೂರಿನಿಂದ ಯುರೋಪಿಗೆ ಹೊರಟಿದ್ದೆ. ವಿಮಾನ ಹೊರಡಬೇಕಾಗಿದ್ದು ಬೆಳಗಿನ ಜಾವ 3.20ಕ್ಕೆ, ಹೊರಟಿದ್ದು ಸಂಜೆ 6.40ಕ್ಕೆ. ನನ್ನೊಂದಿಗೆ ಸಹಿ ಹಾಕಿರುವವರೆಲ್ಲ ಅದೇ ವಿಮಾನಕ್ಕೆ ಕಾದವರು.

ಆ 15 ಗಂಟೆ 20 ನಿಮಿಷವನ್ನು ನಮಗೆ ಯಾರೂ ಒಟ್ಟಿಗೆ ಹೇಳಲಿಲ್ಲ. ಮೊದಲು 4.30 ಎಂದರು. ಆಮೇಲೆ 6, ಆಮೇಲೆ 8, ಆಮೇಲೆ 11. ಪ್ರತಿ ಸಲವೂ ಕೈಚೀಲ ಎತ್ತಿಕೊಂಡು ಸಾಲಿನಲ್ಲಿ ನಿಂತೆವು, ಮತ್ತೆ ಬಂದು ಅದೇ ಕುರ್ಚಿಗಳಲ್ಲಿ ಕೂತೆವು. ಇಮಿಗ್ರೇಷನ್ ಮುದ್ರೆ ಬಿದ್ದಾಗಿತ್ತು, ಸುಮ್ಮನೆ ಎದ್ದು ಹೊರಗೆ ಹೋಗುವಂತಿರಲಿಲ್ಲ. ಯಜಮಾನರದು ಸಕ್ಕರೆ ಕಾಯಿಲೆ. ಬೆಳಗಿನ 8ರ ಹೊತ್ತಿಗೆ ಅವರು ಬೆವರಿ, ಕೈ ನಡುಗತೊಡಗಿದಾಗ ಪಕ್ಕದಲ್ಲಿದ್ದ ಹುಡುಗಿಯೊಬ್ಬಳು ತನ್ನ ಚೀಲದಿಂದ ಕಡಲೆಬೀಜದ ಚಿಕ್ಕಿ ತೆಗೆದುಕೊಟ್ಟಳು. ವಿಮಾನಸಂಸ್ಥೆಯ ತಿಂಡಿ ಚೀಟಿ ಬಂದಿದ್ದು 9 ಗಂಟೆಗೆ. ಆ ಹುಡುಗಿಯ ಹೆಸರನ್ನೂ ನಾನು ಕೇಳಲಿಲ್ಲ. ಈಗಲೂ ಅದು ಮನಸ್ಸಿಗೆ ಚುಚ್ಚುತ್ತದೆ.

ಊರಿಗೆ ಮರಳಿದ ಮೇಲೆ ತಮ್ಮ ನಿಯಮವನ್ನು ಓದಿದೆ. 2010ರಲ್ಲಿ ಹೊರಬಂದು ಆಮೇಲೆ ತಿದ್ದುಪಡಿಯಾಗುತ್ತ ಬಂದಿರುವ ನಾಗರಿಕ ವಿಮಾನಯಾನ ಅಗತ್ಯತೆಗಳ 3ನೇ ವಿಭಾಗ, ‘ಎಂ’ ಸರಣಿಯ 4ನೇ ಭಾಗ ಅದು. ದೂರದ ವಿಮಾನ 4 ಗಂಟೆ ತಡವಾಗುವುದಿದ್ದರೆ ಊಟ, ಉಪಾಹಾರ ಕೊಡಬೇಕು. 24 ಗಂಟೆ ಮೀರಿದರೆ ಹೋಟೆಲ್ ಕೊಡಬೇಕು. ರಾತ್ರಿ 8ರಿಂದ 3ರೊಳಗೆ ಹೊರಡಬೇಕಾದ ವಿಮಾನವಾದರೆ 6 ಗಂಟೆ ಮೀರಿದರೂ ಸಾಕು. ನಮ್ಮ ವಿಮಾನದ ವೇಳೆ 3 ದಾಟಿ 20 ನಿಮಿಷ. ಆ 20 ನಿಮಿಷದಿಂದಾಗಿ ಎಪ್ಪತ್ತು ದಾಟಿದವರಿಗೂ ಬೆನ್ನು ಚಾಚಲು ಹಾಸಿಗೆ ಸಿಗಲಿಲ್ಲ. ಆ ವಿಮಾನ ಹಿಡಿಯಲು ನಾವು ಊರಿಂದ ಹೊರಟಿದ್ದು ಹಿಂದಿನ ದಿನ ಮಧ್ಯಾಹ್ನ. 3 ಗಂಟೆಗೆ ಮುಂಚಿನ ವಿಮಾನದವರಷ್ಟೇ ನಾವೂ ನಿದ್ದೆಗೆಟ್ಟವರು.

ಇದಕ್ಕಿಂತ ದೊಡ್ಡ ಕೊರತೆ ಇನ್ನೊಂದಿದೆ. ವಿಮಾನಸಂಸ್ಥೆ ಎಷ್ಟು ವಿಳಂಬವನ್ನು ನಿರೀಕ್ಷಿಸುತ್ತದೆ ಎಂಬುದರ ಮೇಲೆ ನಿಯಮ ನಿಂತಿದೆ. ತಡವನ್ನು ಕಂತು ಕಂತಾಗಿ ಸಾರುತ್ತ ಹೋದರೆ ದೊಡ್ಡ ವಿಳಂಬದ ನಿರೀಕ್ಷೆ ಕಾಗದದ ಮೇಲೆ ಬರುವುದೇ ಇಲ್ಲ. ದೋಷ ಯಾವಾಗ ಸರಿಹೋಗುತ್ತದೆಂದು ಯಾರಿಗೂ ಖಚಿತವಾಗಿ ಹೇಳಲಾಗದು ಎಂಬ ಮಾತನ್ನು ಒಪ್ಪುತ್ತೇವೆ. ಆದರೆ ಪೈಲಟ್ ಮತ್ತು ಸಿಬ್ಬಂದಿಯ ಕೆಲಸದ ಅವಧಿಗೆ ತಾವೇ ಮಿತಿ ಹಾಕಿದ್ದೀರಿ. ಅದು ಎಷ್ಟು ಗಂಟೆಗೆ ಮುಗಿಯುತ್ತದೆ, ಬದಲಿ ಸಿಬ್ಬಂದಿ ಯಾವಾಗ ಬರಬಲ್ಲರು ಎಂಬುದು ಸಂಸ್ಥೆಗೆ ಗೊತ್ತಿರುತ್ತದೆ. ನಮಗೆ ಅದನ್ನು ಹೇಳಿದ್ದು ಮಧ್ಯಾಹ್ನ. ಕೆಟ್ಟ ಯಂತ್ರದಲ್ಲಿ, ದಣಿದ ಪೈಲಟ್ ಜೊತೆ ಹಾರಿಸಿ ಎಂದು ನಾವೆಂದೂ ಕೇಳುವುದಿಲ್ಲ. ಗೊತ್ತಿರುವುದನ್ನು ಗೊತ್ತಾದಾಗಲೇ ಹೇಳಿ ಎನ್ನುತ್ತಿದ್ದೇವೆ.

ಫ್ರಾಂಕ್‌ಫರ್ಟ್‌ನಿಂದ ಬೆಂಗಳೂರಿಗೆ ಹೊರಡುವ ವಿಮಾನ, ಅದು ಯಾವ ದೇಶದ ಸಂಸ್ಥೆಯದೇ ಇರಲಿ, 4 ಗಂಟೆ ಮೀರಿ ತಡವಾಗಿ ತಲುಪಿದರೆ ಪ್ರಯಾಣಿಕರು ತಲಾ 600 ಯೂರೊ ಕೇಳಬಹುದು. ಐರೋಪ್ಯ ಒಕ್ಕೂಟದ 2004ರ 261ನೇ ನಿಯಮಾವಳಿ ಮತ್ತು 2009ರ ಅಲ್ಲಿನ ನ್ಯಾಯಾಲಯದ ತೀರ್ಪು ಕೊಟ್ಟ ಹಕ್ಕು ಇದು. ಹವಾಮಾನದಂಥ ಅಸಾಧಾರಣ ಕಾರಣಕ್ಕೆ ವಿನಾಯಿತಿ ಇದೆ; ಮಾಮೂಲಿ ಯಂತ್ರದೋಷಕ್ಕೆ ಇಲ್ಲ. ನಮ್ಮಲ್ಲಿ ವಿಮಾನ ರದ್ದಾದರೆ 10,000 ರೂಪಾಯಿವರೆಗೆ ಪರಿಹಾರವಿದೆ. ಬರಿಯ ವಿಳಂಬಕ್ಕೆ ಒಂದು ರೂಪಾಯಿಯೂ ಇಲ್ಲ. 2009ರಲ್ಲಿ ಭಾರತ ಸೇರಿದ ಮಾಂಟ್ರಿಯಲ್ ಒಪ್ಪಂದದಡಿ ನಷ್ಟ ಕೇಳಬಹುದು, ನಿಜ. ಎರಡು ವರ್ಷದೊಳಗೆ ದಾವೆ ಹೂಡಿ ನಷ್ಟವನ್ನು ರುಜುವಾತು ಮಾಡಬೇಕು. ನಮ್ಮ ಕೈಯಲ್ಲಿ ವಿಳಂಬದ ಕಾರಣ ಬರೆದ ಒಂದು ಚೀಟಿಯೂ ಇಲ್ಲ.

ಆದ್ದರಿಂದ ವಿಳಂಬವನ್ನು ಟಿಕೆಟ್‌ನಲ್ಲಿರುವ ಮೂಲ ವೇಳೆಯಿಂದಲೇ, ಎಲ್ಲ ಕಂತು ಕೂಡಿಸಿ ಎಣಿಸುವಂತೆ ನಿಯಮವನ್ನು ತಿದ್ದಬೇಕು. ಇದೇ ನಮ್ಮ ಮುಖ್ಯ ಬೇಡಿಕೆ. ಹಗಲು ರಾತ್ರಿಯ ಭೇದವಿಲ್ಲದೆ 6 ಗಂಟೆ ಮೀರಿದರೆ ವಸತಿ ಕೊಡಬೇಕು. ಇಮಿಗ್ರೇಷನ್ ದಾಟಿದವರಿಗೆ ಒಳಗೇ ಮಲಗುವ ವ್ಯವಸ್ಥೆಯಾಗಬೇಕು. ವೃದ್ಧರಿಗೆ, ಗರ್ಭಿಣಿಯರಿಗೆ, ಮಕ್ಕಳಿಗೆ, ಕಾಯಿಲೆಯವರಿಗೆ ಊಟಕ್ಕೆ 4 ಗಂಟೆ ಕಾಯಿಸಬಾರದು, 2 ಗಂಟೆಗೇ ಕೊಡಬೇಕು. ಸಂಸ್ಥೆಯ ಹತೋಟಿಯಲ್ಲಿರುವ ಕಾರಣದಿಂದ ತಡವಾದರೆ ನಿಗದಿತ ಪರಿಹಾರ, ಕಾರಣ ಮತ್ತು ಅವಧಿ ನಮೂದಿಸಿದ ಪ್ರಮಾಣಪತ್ರ ಕೇಳದೆಯೇ ಸಿಗಬೇಕು. ಕರ್ನಾಟಕದ ನಿಲ್ದಾಣಗಳಲ್ಲಿ ವಿಳಂಬದ ಸೂಚನೆ ಕನ್ನಡದಲ್ಲೂ ಬರಬೇಕು. ನನ್ನ ಪಕ್ಕ ಕೂತಿದ್ದ ಅರಸೀಕೆರೆಯ ಅಜ್ಜಿಗೆ ಅಷ್ಟೂ ಹೊತ್ತು ಪ್ರತಿ ಘೋಷಣೆಯನ್ನೂ ನಾನೇ ಹೇಳಬೇಕಾಯಿತು.

ನಮ್ಮ ಬೋರ್ಡಿಂಗ್ ಪಾಸ್‌ಗಳ ಮತ್ತು ಮೊಬೈಲಿಗೆ ಬಂದ ವೇಳೆ ಬದಲಾವಣೆಯ ಸಂದೇಶಗಳ ಪ್ರತಿಗಳನ್ನು ಲಗತ್ತಿಸಿದ್ದೇವೆ. ತಾವು ವಿಚಾರಣೆಗೆ ಕರೆದರೆ ಸ್ವಂತ ಖರ್ಚಿನಲ್ಲಿ ಬಂದು ಹೇಳಿಕೆ ಕೊಡಲು ಸಿದ್ಧರಿದ್ದೇವೆ. ತಮ್ಮ ಲಿಖಿತ ಉತ್ತರವನ್ನು ಕೋರುತ್ತೇವೆ.

ತಮ್ಮ ವಿಶ್ವಾಸಿಗಳು,
ನಿವೃತ್ತ ಶಿಕ್ಷಕಿ, ಹಾಸನ,
ಹಾಗೂ ಸಹಪ್ರಯಾಣಿಕರು