ಕೈ ತೊಳೆದುಕೊಂಡರೆ ಸಾಲದು

'ಕೈ ಕೆಸರಾದರೆ ಬಾಯಿ ಮೊಸರು' ಎಂದರು ಹಿರಿಯರು. ಕೆಸರಾದ ಕೈಯನ್ನು ದಿನಕ್ಕೆ ಎಷ್ಟು ಸಲ ತೊಳೆಯಬೇಕು, ಯಾವುದರಿಂದ ತೊಳೆಯಬೇಕು ಎಂಬುದನ್ನು ಮಾತ್ರ ಅವರು ಹೇಳಲಿಲ್ಲ. ಆ ಕೊರತೆಯನ್ನು ಈಗ ಅಂಗಡಿಯವರು ತುಂಬಿಕೊಟ್ಟಿದ್ದಾರೆ. ಪಾತ್ರೆಗೊಂದು ದ್ರವ, ನೆಲಕ್ಕೊಂದು, ಬಚ್ಚಲಿಗೊಂದು, ಕೈಗೊಂದು. ಸ್ನಾನದ ಬಕೆಟ್ಟಿಗೂ ಒಂದು ಮುಚ್ಚಳ. 2020ರ ಕೋವಿಡ್ ಕಾಲದಲ್ಲಿ ನಮ್ಮ ಮನೆಗಳನ್ನು ಹೊಕ್ಕ ಸೀಸೆಗಳಲ್ಲಿ ಅನೇಕವು ಇಂದಿಗೂ ಕಪಾಟಿನಲ್ಲಿ ಬೀಡುಬಿಟ್ಟಿವೆ. ಸೀಸೆ ಹತ್ತಾದರೂ ಅವನ್ನು ಬಳಸುವ ಕೈ ಮಾತ್ರ ಒಂದೇ ಜೊತೆ. ಅದು ಮನೆಯೊಡತಿಯದು, ಇಲ್ಲವೆ, ಮುಂಬಯಿ ಪುಣೆಗಳಂಥ ಊರಿನಲ್ಲಿ, ನಾಲ್ಕೈದು ಮನೆಯ ಮುಸುರೆ ತಿಕ್ಕುವ ಬಾಯಿಯದು.

ಈ ಸಲದ ಅಂಕಣವನ್ನು ಆ ಕೈಗಳಿಗೇ ಮೀಸಲಿಟ್ಟಿದ್ದೇವೆ.

ಮೊದಮೊದಲು ಬೆರಳ ಸಂದಿಯಲ್ಲಿ, ಉಂಗುರದ ಅಡಿಯಲ್ಲಿ ಚರ್ಮ ಒಣಗಿ ನವೆಯಾಗುತ್ತದೆ. ಆಮೇಲೆ ಕೆಂಪಾಗುವುದು, ಸಿಪ್ಪೆಯೇಳುವುದು, ಕೆಲವರಿಗೆ ಸಣ್ಣ ನೀರುಗುಳ್ಳೆ, ಕೊನೆಗೆ ಬಿರುಕು. ಹುಣಿಸೆಹಣ್ಣು ಕಿವುಚಿದರೆ ಉರಿ, ಹಿಟ್ಟು ನಾದಿದರೆ ನೋವು. ಇದೇ ಕೈಯ ಇಸಬು. ವೈದ್ಯರು ಎಕ್ಸಿಮಾ ಎನ್ನುತ್ತಾರೆ. ನಾನಾ ದೇಶಗಳ ಸಮೀಕ್ಷೆಗಳನ್ನು ಒಟ್ಟುಗೂಡಿಸಿ ವೈದ್ಯರು ಹಾಕಿರುವ ಲೆಕ್ಕದಂತೆ, ಒಂದು ವರ್ಷದ ಅವಧಿಯಲ್ಲಿ 100 ಜನರಲ್ಲಿ ಸುಮಾರು 9 ಮಂದಿಗೆ ಇದು ಕಾಣಿಸಿಕೊಳ್ಳುತ್ತದೆ. ಅವರಲ್ಲಿ ಹೆಂಗಸರೇ ಹೆಚ್ಚು. ಹೆಣ್ಣಿನ ಚರ್ಮ ನಾಜೂಕು ಎಂದು ಇದಕ್ಕೆ ಕಾರಣ ಹೇಳುವವರುಂಟು. ಆದರೆ ನಿಜವಾದ ಕಾರಣ ಚರ್ಮಕ್ಕಿಂತ ಹೆಚ್ಚಾಗಿ ಕೆಲಸದಲ್ಲಿದೆ. ನೀರಿನ ಕೆಲಸವೆಲ್ಲ ಯಾರ ಪಾಲಿಗೆ ಬಂದಿದೆಯೋ ಇಸಬೂ ಅವರ ಪಾಲಿಗೇ ಬರುತ್ತದೆ.

ಚರ್ಮದ ಹೊರಪದರವನ್ನು ಒಂದು ಗೋಡೆಗೆ ಹೋಲಿಸಬಹುದು. ಒಣಗಿದ ಜೀವಕಣಗಳು ಇಟ್ಟಿಗೆ. ಅವುಗಳ ನಡುವಣ ಜಿಡ್ಡು ಗಾರೆ. ಪಾತ್ರೆಯ ಜಿಡ್ಡನ್ನು ತೆಗೆಯುವ ಸಾಬೂನಿಗೆ ಕೈಯ ಜಿಡ್ಡು ಬೇರೆ ಎಂಬ ವಿವೇಕವಿಲ್ಲ; ಅದನ್ನೂ ತೆಗೆಯುತ್ತದೆ. ಆರೋಗ್ಯವಾದ ಚರ್ಮ ತುಸು ಆಮ್ಲಗುಣದ್ದು, ಸಾಧಾರಣ ಸಾಬೂನು ಕ್ಷಾರಗುಣದ್ದು. ಅದರ ಮೇಲೆ ಬ್ಲೀಚಿಂಗ್ ಪುಡಿಯ ನೀರೋ ಫಿನಾಯಿಲೋ ಬಿದ್ದರೆ ಗಾರೆ ಉದುರಿದ ಗೋಡೆಗೆ ಮಳೆ ಹೊಡೆದಂತೆ. ಒಂದು ಸಲ ತೊಳೆದರೆ ಚರ್ಮ ತಾನೇ ಸರಿಮಾಡಿಕೊಳ್ಳುತ್ತದೆ. ಸರಿಮಾಡಿಕೊಳ್ಳುವ ಮುನ್ನವೇ ಮತ್ತೆ ಮತ್ತೆ ತೊಳೆದರೆ ಸೋಲುತ್ತದೆ. ದಿಲ್ಲಿಯ ಚಳಿಗಾಲದ ಒಣಹವೆಯಲ್ಲಿ ಈ ಸೋಲು ಇನ್ನೂ ಬೇಗ.

ಇದು ಹೊಸ ಕಥೆಯೇನೂ ಅಲ್ಲ. ಅಮೆರಿಕದ ಬಾಲ್ಟಿಮೋರ್ ನಗರದಲ್ಲಿ 1889ರಲ್ಲಿ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆ ತೆರೆಯಿತು. ಅಲ್ಲಿಯ ಶಸ್ತ್ರಕ್ರಿಯೆಯ ಕೊಠಡಿಯ ದಾದಿ ಕ್ಯಾರೊಲೈನ್ ಹ್ಯಾಂಪ್ಟನ್. ಆ ಕಾಲದಲ್ಲಿ ಕ್ರಿಮಿನಾಶಕ್ಕೆ ಪಾದರಸದ ಲವಣದ ದ್ರಾವಣವನ್ನು ಬಳಸುತ್ತಿದ್ದರು. ಅದರಿಂದ ಆಕೆಯ ಕೈಯೆಲ್ಲ ಇಸಬಾಯಿತು. ಶಸ್ತ್ರವೈದ್ಯ ವಿಲಿಯಂ ಹಾಲ್ಸ್ಟೆಡ್ ಆಕೆಗೆ 'ಸಹಿಸಿಕೋ' ಎನ್ನಲಿಲ್ಲ, ಕೆಲಸ ಬಿಡು ಎನ್ನಲೂ ಇಲ್ಲ. ಗುಡ್‌ಇಯರ್ ರಬ್ಬರ್ ಕಂಪನಿಗೆ ಬರೆದು ತೆಳ್ಳನೆಯ ರಬ್ಬರಿನ ಕೈಗವಸು ಮಾಡಿಸಿಕೊಟ್ಟ. 1890ರಲ್ಲಿ ಅವರಿಬ್ಬರ ಮದುವೆಯೂ ಆಯಿತೆಂಬುದು ಬೇರೆ ಮಾತು. ರೋಗಿಯ ರಕ್ಷಣೆಗೆಂದು ಇಂದು ಲೋಕದ ವೈದ್ಯರೆಲ್ಲ ತೊಡುವ ಕೈಗವಸು ಆ ಆಸ್ಪತ್ರೆಯನ್ನು ಹೊಕ್ಕದ್ದು ಒಬ್ಬ ಹೆಣ್ಣಿನ ಬಿರಿದ ಕೈಯ ರಕ್ಷಣೆಗೆ!

ಈ ಪ್ರಸಂಗದಲ್ಲಿ ನಮಗೆ ಮೆಚ್ಚುಗೆಯಾದದ್ದು ಒಂದೇ: ಕೈ ಕೆಟ್ಟಾಗ ಬದಲಾದದ್ದು ಕೆಲಸದ ಏರ್ಪಾಡು. ನಮ್ಮ ಮನೆಗಳಲ್ಲಿ ಹಾಗಾಗುತ್ತದೆಯೆ? 'ಚಳಿಗೆ ಹಾಗೆಯೇ, ಹೋಗುತ್ತೆ ಬಿಡು' ಎನ್ನುತ್ತೇವೆ. ಬಾಯಿಯ ಕೈ ಸಿಪ್ಪೆಯೆದ್ದರೆ ಅಂಟುರೋಗವೆಂದು ಹೆದರಿ ಬೇರೆಯವಳನ್ನು ಹುಡುಕುತ್ತೇವೆ. ಇಸಬು ಅಂಟುವ ರೋಗವಲ್ಲ. ನಮ್ಮ ಪಾತ್ರೆ ತೊಳೆದು ಕೆಟ್ಟ ಕೈಗೆ ನಾವೇ ಕೆಲಸ ತಪ್ಪಿಸುವುದು ಯಾವ ನ್ಯಾಯ?

ಇನ್ನು ಮಾಡತಕ್ಕದ್ದೇನು? ನಾವು ವೈದ್ಯರಲ್ಲ, ಚರ್ಮವೈದ್ಯರು ಸಾಮಾನ್ಯವಾಗಿ ಹೇಳುವ ಮಾತುಗಳನ್ನೇ ಇಲ್ಲಿ ಕೊಡುತ್ತಿದ್ದೇವೆ.

ಕೈ ತೊಳೆಯುವುದನ್ನು ಬಿಡಬಾರದು. ಅಡಿಗೆಗೆ ಮುಂಚೆ, ಊಟಕ್ಕೆ ಮುಂಚೆ, ಶೌಚದ ನಂತರ ಸಾಬೂನು ಬೇಕೇ ಬೇಕು. ಅದಕ್ಕೆ ಕ್ರಿಮಿನಾಶಕ ಬೆರೆತದ್ದೇ ಆಗಬೇಕಿಲ್ಲ, ಸಾದಾ ಸಾಬೂನು ಸಾಕು. ಬಿಸಿನೀರು ಬೇಡ, ಉಗುರುಬೆಚ್ಚಗಿನದು ಅಥವಾ ತಣ್ಣೀರು ಇರಲಿ. ತೊಳೆಯುವಾಗ ಉಂಗುರ ತೆಗೆದಿಡಿ, ಅದರ ಅಡಿಯಲ್ಲಿ ಸಾಬೂನು ಉಳಿಯುತ್ತದೆ. ಉಜ್ಜದೆ, ಬಟ್ಟೆಯಿಂದ ಒತ್ತಿ ಒರೆಸಿ.

ಒರೆಸಿದ ಕೂಡಲೆ ಜಿಡ್ಡಿನ ಮುಲಾಮು ಹಚ್ಚಬೇಕು. ಬೆಲೆಬಾಳುವ, ಘಮಘಮಿಸುವ ಡಬ್ಬಿ ಬೇಡ. ಪರಿಮಳವೇ ಕೆಲವರಿಗೆ ಆಗದು. ಸಾದಾ ವ್ಯಾಸಲೀನ್ ಸಾಕು. ಊರಿನಲ್ಲಿ ಹಲಸಿನಹಣ್ಣು ಬಿಡಿಸುವ ಮುನ್ನ ಅಮ್ಮಂದಿರು ಕೈಗೆ ಎಣ್ಣೆ ಸವರುತ್ತಿದ್ದರಷ್ಟೆ? ಅಂಟಿಗೂ ಚರ್ಮಕ್ಕೂ ನಡುವೆ ಒಂದು ಪದರವಿರಲಿ ಎಂಬ ಆ ಜಾಣತನವೇ ಇಲ್ಲಿಯೂ. ರಾತ್ರಿ ಮಲಗುವಾಗ ಧಾರಾಳವಾಗಿ ಹಚ್ಚಿದರೆ ಇನ್ನೂ ಒಳ್ಳೆಯದು.

ಕೈಗೆ ಉಜ್ಜಿಕೊಳ್ಳುವ ಸ್ಯಾನಿಟೈಸರ್ ಬಗ್ಗೆ ಒಂದು ತಪ್ಪು ತಿಳಿವಳಿಕೆಯಿದೆ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಂತೆ ಮಾಡಿದ ದ್ರಾವಣದಲ್ಲಿ ಆಲ್ಕೊಹಾಲಿನ ಜೊತೆಗೆ ನೂರಕ್ಕೆ 1.45 ಪಾಲು ಗ್ಲಿಸರಿನ್ ಇರುತ್ತದೆ. ಒಣಗದಿರಲೆಂದೇ ಅದನ್ನು ಹಾಕಿದ್ದು. ಕೊಳೆ ಕಾಣದ ಕೈಗೆ ಪದೇ ಪದೇ ಸಾಬೂನು ಹಾಕುವುದಕ್ಕಿಂತ ಇದೇ ಮೃದು. ಆದರೆ ಬಿರಿದ ಕೈಗೆ ಉರಿಯುತ್ತದೆ. ಸಾಬೂನಿನಿಂದ ತೊಳೆದ ತಕ್ಷಣ ಇದನ್ನೂ ಹಚ್ಚುವುದು ಅನಾವಶ್ಯಕ.

ನೆಲ ದಿನವೂ ಕ್ರಿಮಿನಾಶಕ ಬೇಡುವುದಿಲ್ಲ. ಮನೆಯಲ್ಲಿ ವಾಂತಿ ಭೇದಿಯ ಕಾಯಿಲೆ ಇದ್ದಾಗ ಮಾತು ಬೇರೆ. ಆಗಲೂ ಸೀಸೆಯ ಮೇಲಿನ ಅಳತೆ ಮೀರಬಾರದು, ಬರಿಗೈ ಅದ್ದಬಾರದು. ಬ್ಲೀಚಿಂಗ್ ದ್ರವವನ್ನೂ ಆಸಿಡ್ಡನ್ನೂ ಎಂದಿಗೂ ಬೆರೆಸಕೂಡದು. ಹೊರಡುವ ಕ್ಲೋರಿನ್ ಅನಿಲ ಉಸಿರಿಗೇ ಅಪಾಯ.

ಕೈಗವಸನ್ನು ಒಣಗಿದ ಕೈಗೆ ತೊಡಿ. ಒಳಗೆ ತೆಳು ಹತ್ತಿಯ ಗವಸಿದ್ದರೆ ಬೆವರು ಹೀರುತ್ತದೆ. ಒಳಗೆ ನೀರು ಹೋದರೆ ತೆಗೆದುಬಿಡಿ.

ಇಷ್ಟೆಲ್ಲ ಮಾಡಿಯೂ ಎರಡು ಮೂರು ವಾರದಲ್ಲಿ ಇಳಿಯದಿದ್ದರೆ, ಕೀವು ಕಂಡರೆ, ಒಂದೇ ಕೈಗೆ ಬಂದಿದ್ದರೆ ಚರ್ಮವೈದ್ಯರನ್ನು ಕಾಣಿ. ಒಂದೇ ಕೈಯದು ಬೂಷ್ಟಿನ ಸೋಂಕಾಗಿರಬಹುದು. ಬೆಳ್ಳುಳ್ಳಿ ಹಿಡಿಯುವ ಎಡಗೈಯ ಮೂರು ಬೆರಳ ತುದಿ ಮಾತ್ರ ಬಿರಿಯುತ್ತಿದ್ದರೆ ಬೆಳ್ಳುಳ್ಳಿಯೇ ಅಪರಾಧಿಯಾಗಿರಬಹುದು. ಬೆನ್ನಿಗೆ ಪಟ್ಟಿ ಅಂಟಿಸಿ ಎರಡು ದಿನ ಬಿಟ್ಟು ನೋಡುವ ಪರೀಕ್ಷೆಯಿಂದ ಯಾವುದು ಒಗ್ಗದೆಂದು ತಿಳಿಯಬಹುದು. ಔಷಧದಂಗಡಿಯವರು ಕೊಟ್ಟ ಸ್ಟೀರಾಯ್ಡ್ ಮುಲಾಮನ್ನು ವೈದ್ಯರ ಚೀಟಿಯಿಲ್ಲದೆ ತಿಂಗಳುಗಟ್ಟಲೆ ಹಚ್ಚಬೇಡಿ. ಚರ್ಮ ತೆಳುವಾಗುತ್ತದೆ, ಬೂಷ್ಟಿದ್ದರೆ ಹಬ್ಬುತ್ತದೆ. ಮೇಲೆ ಗುಣವಾದಂತೆ ಕಂಡರೂ ಒಳಗೆ ಗೋಡೆ ಗಟ್ಟಿಯಾಗಲು ಇನ್ನೂ ಕೆಲವು ವಾರ ಬೇಕು. ಅಲ್ಲಿಯತನಕ ಮುಲಾಮು ನಿಲ್ಲಿಸಬಾರದು.

ಎಲ್ಲಕ್ಕಿಂತ ಅಗ್ಗದ ಔಷಧ ಇನ್ನೊಂದುಂಟು. ಊಟವಾದ ಮೇಲೆ ಮನೆಯ ಯಜಮಾನರೂ ಮಕ್ಕಳೂ ತಂತಮ್ಮ ತಟ್ಟೆಯನ್ನು ತಾವೇ ತೊಳೆಯುವುದು. ಬಾಯಿಗೆ ದೀಪಾವಳಿಯ ಸೀರೆಯ ಜೊತೆಗೆ ಒಂದು ಜೊತೆ ಕೈಗವಸು, ಒಂದು ಡಬ್ಬಿ ವ್ಯಾಸಲೀನ್ ಕೊಡುವುದು. ಮನೆ ಚೊಕ್ಕಟವಾಗಿರಬೇಕೆಂಬ ಆಸೆ ಎಲ್ಲರದಾದ ಮೇಲೆ ಅದರ ಬೆಲೆಯನ್ನು ಒಂದೇ ಜೊತೆ ಕೈ ತೆರಬಾರದು. ಆ ಹೊಣೆಯಿಂದ ಉಳಿದವರು ಕೈ ತೊಳೆದುಕೊಂಡರೆ ಸಾಲದು.