ಲಸಿಕೆ ಕೊಡದಿರುವುದೂ ನಿರ್ಧಾರವೇ

‘ಗರ್ಭಿಣಿಯರ ಮೇಲೆ ಪ್ರಯೋಗವೇ ಆಗಿಲ್ಲ, ಸುಮ್ಮನೆ ಯಾಕೆ ಅಪಾಯ?’ ಕೋವಿಡ್ ಕಾಲದಲ್ಲಿ ಬಲ ಪಡೆದ ಈ ಮಾತು ಈಗ ಬಸುರಿಯರಿಗೆ ಕೊಡುವ ಎಲ್ಲ ಚುಚ್ಚುಮದ್ದುಗಳ ಮೇಲೂ ತಿರುಗಿದೆ. ಪ್ರಯೋಗದಿಂದ ಅವರನ್ನು ಹೊರಗಿಟ್ಟವರು ಯಾರು? ಲಸಿಕೆ ತಯಾರಿಸಿದ ಕಂಪನಿಗಳು ಮತ್ತು ಅದಕ್ಕೆ ತಲೆಯಾಡಿಸಿದ ವ್ಯವಸ್ಥೆ. ಮೊದಲು ಹೊರಗಿಟ್ಟರು, ಆಮೇಲೆ ಮಾಹಿತಿ ಇಲ್ಲವೆಂದು ಲಸಿಕೆಯನ್ನೂ ತಪ್ಪಿಸಿದರು, ಅದನ್ನು ಎಚ್ಚರಿಕೆ ಎಂದು ಕರೆದರು. 2021ರ ಜನವರಿ 16ರಂದು ದೇಶದಲ್ಲಿ ಕೋವಿಡ್ ಲಸಿಕೆ ಅಭಿಯಾನ ಶುರುವಾದಾಗ ಸರದಿಯಲ್ಲಿ ಮೊದಲಿದ್ದವರು ಆರೋಗ್ಯ ಕಾರ್ಯಕರ್ತರು. ಒಂದೇ ವಾರ್ಡಿನಲ್ಲಿ, ಒಂದೇ ಪಾಳಿಯಲ್ಲಿ ದುಡಿಯುವ ಇಬ್ಬರು ನರ್ಸ್‌ಗಳಲ್ಲಿ ಬಸುರಿಗೆ ಮಾತ್ರ ಲಸಿಕೆ ಇಲ್ಲ. ಅವಳಿಗೆ ಅನುಮತಿ ಸಿಕ್ಕಿದ್ದು ಜುಲೈ 2ರಂದು, ಎರಡನೇ ಅಲೆ ಇಳಿದ ಮೇಲೆ. ಮುಂಬೈಯ ನಾಯರ್ ಆಸ್ಪತ್ರೆಯ ಜೊತೆ ಐಸಿಎಂಆರ್ ನಡೆಸಿದ ಅಧ್ಯಯನದಲ್ಲಿ ಸೋಂಕಿತ ಗರ್ಭಿಣಿ, ಬಾಣಂತಿಯರ ಸಾವಿನ ಪ್ರಮಾಣ ಮೊದಲ ಅಲೆಯಲ್ಲಿ ಶೇ 0.7 ಇದ್ದದ್ದು ಎರಡನೇ ಅಲೆಯಲ್ಲಿ ಶೇ 5.7ಕ್ಕೆ ಏರಿತು. ಆಗ ದೇಶದಲ್ಲಿ ಲಸಿಕೆಯೇ ಸಾಲದಾಗಿತ್ತು ಎನ್ನುವವರಿದ್ದಾರೆ. ಆದರೆ ಆ ನರ್ಸ್‌ನ ಪಾಲು ಮೊದಲ ಸರದಿಯಲ್ಲೇ ಅವಳ ಆಸ್ಪತ್ರೆಗೆ ಬಂದಿತ್ತು.

ಮಾಹಿತಿ ಸಿಗಲು ದಾರಿಯೇ ಇರಲಿಲ್ಲವೆಂಬುದೂ ಸುಳ್ಳು. ಅಮೆರಿಕದಲ್ಲಿ 2020ರ ಡಿಸೆಂಬರಿನಿಂದಲೇ ಬಸುರಿಯರು ತಾವೇ ಯೋಚಿಸಿ ಲಸಿಕೆ ಪಡೆಯಬಹುದಿತ್ತು. ಹಾಗೆ ಪಡೆದ 35,691 ಮಂದಿಯ ವಿವರ 2021ರ ಏಪ್ರಿಲ್‌ನಲ್ಲಿ ಪ್ರಕಟವಾಯಿತು. ಆತಂಕಪಡುವಂಥ ಸುಳಿವು ಅದರಲ್ಲಿ ಕಾಣಲಿಲ್ಲ. ಅವು ಎಂಆರ್‌ಎನ್‌ಎ ಲಸಿಕೆಗಳು, ನಮ್ಮವು ಬೇರೆ ಎಂಬುದು ನಿಜ. ಆದರೆ ಕೋವ್ಯಾಕ್ಸಿನ್ ತಯಾರಾದದ್ದು ನಿಷ್ಕ್ರಿಯಗೊಳಿಸಿದ ವೈರಾಣುವಿನಿಂದ; ಬಸುರಿಯರಿಗೆ ದಶಕಗಳಿಂದ ಕೊಡುತ್ತಿರುವ ಫ್ಲೂ ಲಸಿಕೆಯದೂ ಅದೇ ಜಾತಿ. ‘ಚುಚ್ಚಿಸಿಕೊಂಡ ವಾರಕ್ಕೆ ಗರ್ಭಪಾತವಾಯಿತು’ ಎಂಬ ಸುದ್ದಿಗಳೋ, ಅವಕ್ಕೆ ಕೊನೆಯೇ ಇಲ್ಲ. ಲಸಿಕೆ ಇರಲಿ ಇಲ್ಲದಿರಲಿ, ಖಚಿತವಾದ ಗರ್ಭಗಳಲ್ಲಿ ನೂರಕ್ಕೆ ಹತ್ತು ಹದಿನೈದು ನಿಲ್ಲುವುದಿಲ್ಲ. ಲಕ್ಷಾಂತರ ಮಂದಿ ಲಸಿಕೆ ಪಡೆದಾಗ ಕೆಲವರಿಗೆ ಆ ದುಃಖ ಅದೇ ವಾರ ಬಂದೇ ಬರುತ್ತದೆ. ಪಡೆಯದವರಿಗಿಂತ ಪಡೆದವರಲ್ಲಿ ಅದು ಹೆಚ್ಚೇ ಎಂದು ಕೇಳಬೇಕು. ಆ ಪ್ರಶ್ನೆ ಕೇಳದೆ ತಾಯಂದಿರ ನೋವನ್ನು ವಾಟ್ಸ್‌ಆ್ಯಪ್‌ನಲ್ಲಿ ಹಂಚುವುದು ಕ್ರೌರ್ಯ.

ಇಷ್ಟು ಹೆದರಿಸುವವರಲ್ಲಿ ಹಲವರು ಹುಟ್ಟುವ ಮುಂಚೆ ಅವರ ತಾಯಂದಿರೂ ಧನುರ್ವಾಯು ತಡೆಯುವ ಟಿಟಿ ಚುಚ್ಚಿಸಿಕೊಂಡವರೇ. ಹುಟ್ಟಿದಾಗ ಚೆನ್ನಾಗಿ ಹಾಲು ಕುಡಿದ ಕೂಸು ವಾರದೊಳಗೆ ಬಾಯಿ ತೆರೆಯಲಾರದೆ, ಮುಟ್ಟಿದರೆ ಸಾಕು ಬಿಲ್ಲಿನಂತೆ ಸೆಟೆದು ಸಾಯುತ್ತಿದ್ದ ಧನುರ್ವಾಯು ಭಾರತದಲ್ಲಿ ನಿರ್ಮೂಲನ ಮಟ್ಟಕ್ಕೆ ಇಳಿದಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಒಪ್ಪಿತು. ಶುಚಿಯಾದ ಹೆರಿಗೆಯ ಪಾಲೂ ಅದರಲ್ಲಿದೆ. ಆದರೆ ತಾಯಿ ಕಾರ್ಡಿನಲ್ಲಿ ಎಎನ್‌ಎಂ ಬರೆದ ಟಿಟಿಯ ಆ ಎರಡು ತಾರೀಕುಗಳಿಲ್ಲದೆ ಅದು ಆಗುತ್ತಿರಲಿಲ್ಲ. ಯಾವ ಲಸಿಕೆಯನ್ನೂ ಕಣ್ಣುಮುಚ್ಚಿ ಕೊಡುತ್ತಿಲ್ಲ: ಜೀವಂತ ವೈರಾಣುವಿನ ರುಬೆಲ್ಲಾ, ಸೀತಾಳೆ ಸಿಡುಬಿನ ಲಸಿಕೆಗಳನ್ನು ಬಸುರಿಯರಿಗೆ ಕೊಡುವುದೇ ಇಲ್ಲ.

ಅಪಪ್ರಚಾರದ ಮೇಲಿರುವಷ್ಟೇ ನನ್ನ ಸಿಟ್ಟು ಸರ್ಕಾರದ ಮೇಲೂ ಇದೆ. ನಾಯಿಕೆಮ್ಮಿನ ವಿರುದ್ಧ ಮಗುವಿಗೆ ಮೊದಲ ಲಸಿಕೆ ಬೀಳುವುದು ಆರು ವಾರಕ್ಕೆ. ಅಲ್ಲಿಯವರೆಗೆ ಅದಕ್ಕೆ ಕಾವಲು ಹೊಕ್ಕುಳಬಳ್ಳಿಯ ಮೂಲಕ ತಾಯಿಯಿಂದ ಬಂದ ಪ್ರತಿಕಾಯಗಳದ್ದು ಮಾತ್ರ. ಬ್ರಿಟನ್‌ನಲ್ಲಿ 2012ರಲ್ಲಿ 14 ಹಸುಗೂಸುಗಳು ನಾಯಿಕೆಮ್ಮಿನಿಂದ ಸತ್ತವು. ಅದೇ ಅಕ್ಟೋಬರಿನಿಂದ ಬಸುರಿಯರಿಗೆ ಲಸಿಕೆ ಶುರುವಾಯಿತು. ಎಳೆಗೂಸುಗಳಿಗೆ ಶೇ 90ರಷ್ಟು ರಕ್ಷಣೆ ಸಿಕ್ಕಿತು. ಲಸಿಕೆ ಪಡೆದ 20 ಸಾವಿರಕ್ಕೂ ಹೆಚ್ಚು ತಾಯಂದಿರನ್ನು ಗಮನಿಸಿದರೂ ಸತ್ತು ಹುಟ್ಟುವ ಮಕ್ಕಳ ಸಂಖ್ಯೆ ಹೆಚ್ಚಿರಲಿಲ್ಲ. ನಮ್ಮ ಸ್ತ್ರೀರೋಗ ತಜ್ಞರ ಒಕ್ಕೂಟ ಫಾಗ್ಸಿಯೂ ಇದನ್ನು ಶಿಫಾರಸು ಮಾಡುತ್ತದೆ. ಖಾಸಗಿ ಆಸ್ಪತ್ರೆಯಲ್ಲಿ ದುಡ್ಡು ಕೊಟ್ಟವಳಿಗೆ ಅದು ಸಿಗುತ್ತದೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಸಾಲು ನಿಂತವಳಿಗೆ ಸಿಗುವುದು ಧನುರ್ವಾಯು ಮತ್ತು ಗಂಟಲುಮಾರಿಯನ್ನಷ್ಟೇ ತಡೆಯುವ ಟಿಡಿ. ಅವಳ ಮಗುವಿನ ಮೊದಲ ಆರು ವಾರಗಳ ಹೊಣೆಯನ್ನು ಆರೋಗ್ಯ ಇಲಾಖೆ ಯಾರಿಗೆ ವಹಿಸಿದೆ?