ಸಮನ್ಸಿಗೆ ಅಂಜಿ ಬಾಗಿಲು ಹಾಕಬೇಡಿರಿ

ಕ್ರೆಡಿಟ್ ಕಾರ್ಡಿನ ಹಳೆಯ ಬಾಕಿಗಾಗಿ ಕೋರ್ಟಿನ ಸಮನ್ಸ್ ಬಂದೊಡನೆ ಯಾದಗಿರಿಯ ಮಿಲ್ ಕೂಲಿಕಾರನೂ ಶಹಾಪುರ, ಸುರಪುರದ ಕಿರಾಣಿ ವ್ಯಾಪಾರಿಯೂ ಮರೆಯಾದರೆ ಲಾಭ ಯಾರಿಗೆ? ಬ್ಯಾಂಕಿಗೆ! ಗೈರುಹಾಜರಾದವನ ಮೇಲೆ ಏಕಪಕ್ಷೀಯ ಡಿಕ್ರಿ, ಹಿಂದೆಯೇ ಜಪ್ತಿ. ಸಾಲ ಮುಳುಗಿಸಿರೆಂದು ನಾವು ಹೇಳುತ್ತಿಲ್ಲ, ಲೆಕ್ಕ ಕೇಳಿರೆನ್ನುತ್ತೇವೆ. ಅಸಲೆಷ್ಟು, ಬಡ್ಡಿಯೆಷ್ಟು, ದಂಡವೆಷ್ಟು? 1963ರ ಕಾಲಮಿತಿ ಕಾಯಿದೆಯಲ್ಲಿ ಇಂಥ ದಾವೆಗೆ ಸಾಮಾನ್ಯವಾಗಿ 3 ವರ್ಷದ ಗಡುವು. ಅದು ಮೀರಿದ್ದರೆ, ಸಾಲಗಾರ ಬಾಯಿ ಬಿಡದಿದ್ದರೂ ಕೋರ್ಟು ದಾವೆ ವಜಾ ಮಾಡಬೇಕು. ಆದರೆ ತಾರೀಖು ಎತ್ತಿ ತೋರಿಸುವವರು ಯಾರು, ವಸೂಲಿ ಏಜೆಂಟನೇ? ಅವನು "ಬರೀ ಒಂದು ಸಹಿ" ಎಂದು ಒಡ್ಡುವ ಕಾಗದದಲ್ಲಿ ಸತ್ತ ಸಾಲ ಎದ್ದು ಕೂತೀತು, ಎಚ್ಚರ! ಸಮನ್ಸ್ ಮುಟ್ಟಿದ 30 ದಿನದೊಳಗೆ ಲಿಖಿತ ಹೇಳಿಕೆ ಸಲ್ಲಿಸಿರಿ. ವಕೀಲರಿಗೆ ಹಣವಿಲ್ಲವೇ? 1987ರ ಕಾಯಿದೆಯಂತೆ ಕಾರ್ಖಾನೆ ಕೆಲಸಗಾರರಿಗೂ ಹೆಣ್ಣುಮಕ್ಕಳಿಗೂ ಪರಿಶಿಷ್ಟರಿಗೂ ಕಡಿಮೆ ವರಮಾನದವರಿಗೂ ವಕೀಲರ ನೆರವು ಪುಕ್ಕಟೆ. ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಸಮನ್ಸ್ ಹಿಡಿದು ಹೋಗಿರಿ, ನಾಳೆಯೇ.